ಪಕ್ಕದ ಸೀಟು

"ಬರ್ಲಿ, ಬರ್ಲಿ, ಹಂಗೇ ಬರ್ಲಿ. ಸ್ವಲ್ಪ ಬಲಕ್ಕೆ. ಹೋಲ್ಡಾನ್."

ಹೆಣ ಹೊತ್ತವರು ಹಲಗೆಯ ನಡುವೆ ನಿಂತರು. ಹಲಗೆ ಬಾಗಿತು. ಕೆಳಗೆ ಆಗಷ್ಟೇ ಅಗೆದ ಕಾಲುವೆಯೊಳಕ್ಕೆ ಒಂದಷ್ಟು ಮಣ್ಣು ಉದುರಿತು. ಹಿಮ್ಮುಖವಾಗಿ ನಡೆಯುತ್ತ ಕೈಸನ್ನೆ ಮಾಡುತ್ತಿದ್ದ ವೆಲ್ಡರನಿಗೆ ತಾನು ಡಿಪೋದಲ್ಲಿ ಬಸ್ಸನ್ನು ರಿವರ್ಸ್ ತೆಗೆಸುತ್ತಿಲ್ಲ ಎಂಬುದು ಆಗ ಹೊಳೆಯಿತು. ನಾಲಿಗೆ ಕಚ್ಚಿಕೊಂಡು ಸುಮ್ಮನಾದ. ಆದರೆ ಹೊತ್ತವರೆಲ್ಲ ಡಿಪೋದವರೇ, ಅವರಿಗೂ ಆ ಭಾಷೆಯೇ ಸಲೀಸು.

"ಹೇಳಣ್ಣ, ಯಾಕೆ ನಿಲ್ಸಿದೆ? ಕಾಲು ಎಲ್ಲಿಡಬೇಕು ಅಂತ ಕಾಣಿಸ್ತಿಲ್ಲ" ಎಂದ ಒಬ್ಬ.

"ಬರ್ಲಿ" ಎಂದ ವೆಲ್ಡರ್, ದನಿ ಇಳಿಸಿ.

ಸತ್ತವನನ್ನು ಎಲ್ಲರೂ ಡೀಸೆಲಣ್ಣ ಎಂದು ಕರೆಯುತ್ತಿದ್ದರು. ಬಸ್ ಡಿಪೋಗೆ ಮೆಕ್ಯಾನಿಕ್ ಆಗಿ ಸೇರಿ ಮೆಕ್ಯಾನಿಕ್ ಆಗಿಯೇ ನಿವೃತ್ತನಾದ ಮನುಷ್ಯ. ಎಷ್ಟು ಸೋಪು ಹಾಕಿ ತಿಕ್ಕಿದರೂ ಮೈಯಿಂದ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ರಸ್ತೆಯನ್ನೇ ನಂಬಿ ಬದುಕಿದವನಿಗೆ ಹೋಗುವ ದಿನ ಮನೆ ಮುಂದೆ ರಸ್ತೆಯೇ ಇರಲಿಲ್ಲ. ನೀರಿನ ಪೈಪು ಹಾಕುವವರು ಬೆಳಿಗ್ಗೆಯೇ ಬಂದು ಬೀದಿಯನ್ನು ಉದ್ದಕ್ಕೂ ಅಗೆದುಬಿಟ್ಟಿದ್ದರು. ಸುದ್ದಿ ತಿಳಿದ ಮೇಲೆ ಪಾಪ, ಗುದ್ದಲಿ ಕೆಳಗಿಟ್ಟು ಒಂದು ಬದಿಗೆ ನಿಂತಿದ್ದರು. ಆದರೆ ಅಗೆದದ್ದು ಅಗೆದದ್ದೇ. ಹಿತ್ತಲ ಓಣಿ ಹೆಣದ ವ್ಯಾನಿಗೆ ಸಾಲುತ್ತಿರಲಿಲ್ಲ, ಅದು ದೊಡ್ಡ ರಸ್ತೆಯಲ್ಲೇ ನಿಂತಿತು. ಹಿಂದಿನ ದಿನ ಬಂದಿದ್ದ ಅಳಿಯನ ಕಾರು ಕಾಲುವೆಗೂ ಕಾಂಪೌಂಡಿಗೂ ನಡುವೆ ಸಿಕ್ಕಿಕೊಂಡು ಅತ್ತ ಇಲ್ಲ ಇತ್ತ ಇಲ್ಲ ಎಂದು ಕೂತಿತ್ತು.

ಡೀಸೆಲಣ್ಣನ ಹೆಂಡತಿ ಬಾಗಿಲ ಬಳಿ ಕುರ್ಚಿಯ ಮೇಲೆ ಕೂತು ಹಲಗೆ ದಾಟುತ್ತಿದ್ದ ಗಂಡನನ್ನು ನೋಡುತ್ತಿದ್ದಳು. ಆಕೆಯ ಎರಡು ಮಂಡಿಯೂ ಹೋಗಿದ್ದವು. ಕೋಲು ಹಿಡಿದು ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಮಾತು, ಹಲಗೆ ದಾಟುವುದಂತೂ ಆಗದ ಕೆಲಸ.

"ಕುರ್ಚಿ ಸಮೇತ ಎತ್ಕೊಂಡು ದಾಟಿಸ್ತಾರಂತಮ್ಮ" ಎಂದಳು ಮಗಳು.

"ಒಂದೇ ದಿನ ಇಬ್ಬರನ್ನ ಹೊರೋದು ಬೇಡ. ಅವ್ರಿಗೂ ಸೊಂಟ ಇದೆ."

"ಬಾಡಿಗೆ ಕಾರಿನವನು ಹಿತ್ತಲ ಕಡೆಯಿಂದ ಬರ್ತೀನಿ ಅಂದ. ಈಗ ಫೋನೇ ಎತ್ತುತಾ ಇಲ್ಲ." ಮಗಳು ತಾಯಿಯ ಮುಖ ನೋಡದೆ ಮಾತು ಮುಂದುವರಿಸಿದಳು. "ಹಿತ್ತಲಲ್ಲಿ ಅಪ್ಪನ ಕಾರಿದೆ. ಇವ್ರು ಓಡಿಸ್ತಾರೆ."

"ಆ ಕಾರಲ್ಲಾದ್ರೆ ನಾನು ಬರಲ್ಲ."

"ಇವತ್ತೂನಾ ಅಮ್ಮ?"

"ಇವತ್ತೇನು? ಅವ್ರು ಹೋದ್ರು ಅಂತ ನನ್ನ ಮಾತೂ ಹೋಗ್ಬೇಕಾ?"

ಹೇಳಿದ್ದೇನೋ ಗಟ್ಟಿಯಾಗಿಯೇ ಹೇಳಿದಳು. ಆದರೆ ಮಣ್ಣಿಗೆ ಹೋಗಲೇಬೇಕೆಂದು ಆಕೆಯ ಜೀವ ಬಡಿದುಕೊಳ್ಳುತ್ತಿತ್ತು. ಬೆಳಗಿನ ಜಾವ ಗಂಡನ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಉಸಿರು ಸ್ವಲ್ಪ ಸರಾಗವಾದಂತೆ ಕಂಡಿತು. ಬಾಯಿಗೆ ಒಂದು ಗುಟುಕು ಬಿಸಿನೀರು ಬಿಡೋಣವೆಂದು ಕೈ ಬಿಡಿಸಿಕೊಂಡು, ಕೋಲೂರಿಕೊಂಡು ಅಡುಗೆಮನೆಗೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಬಿಟ್ಟು ಹೋಗ್ಬಾರ್ದಿತ್ತು ಕಣ್ರೀ" ಎಂದು ಬೆಳಗಿನಿಂದ ಪಕ್ಕದ ಮನೆಯ ಟೈಲರಮ್ಮನಿಗೆ ಮತ್ತೆ ಮತ್ತೆ ಹೇಳುತ್ತಿದ್ದಳು. "ಇನ್ನೊಂಚೂರು ಹಿಡ್ಕೊಂಡಿದ್ರೆ ಆಗ್ತಿತ್ತು. ನೀರಿಗೇನು ಅವಸರ ಇತ್ತು."

"ನೀವೇನು ಕಂಡಿದ್ರಾ ಹೇಳಿ" ಎಂದು ಟೈಲರಮ್ಮ ಅಷ್ಟೇ ಸಲ ಸಮಾಧಾನ ಹೇಳಿದ್ದಳು. ಹೇಳಿ ಹೇಳಿ ಆಕೆಯ ದನಿಯೂ ಬಸವಳಿದಿತ್ತು.

*

ಕಾರು ಹೆಂಡತಿಯ ಅಪ್ಪನದು. ದುಂಡು ಬೆನ್ನಿನ, ದುಂಡು ಕಣ್ಣಿನ ಹಳೇ ಕಾಲದ ಪೆಟ್ರೋಲ್ ಕಾರು. ಅಪ್ಪ ಫೋಟೋ ತೆಗೆಯುವವನು. ಕ್ಯಾಮೆರಾ, ದೀಪ, ಪರದೆಗಳನ್ನು ಹೇರಿಕೊಂಡು ಓಡಾಡಲು ಅದನ್ನು ಇಟ್ಟುಕೊಂಡಿದ್ದ. ವಾಪಸು ಬರುವಾಗ ಮಕ್ಕಳು ಹಿಂದಿನ ಸೀಟಿನಲ್ಲಿ ಪರದೆಗಳ ಮೇಲೆಯೇ ಮಲಗಿ ನಿದ್ದೆ ಹೋಗುತ್ತಿದ್ದರು. ಇಂಜಿನ್ನು ಅಷ್ಟು ಮೆತ್ತಗೆ. "ಓಡ್ತಾ ಇದ್ಯೋ ಇಲ್ವೋ, ಹೇಳು ನೋಡೋಣ" ಎಂದು ಅಪ್ಪ ಮಗಳ ಅಂಗೈಯನ್ನು ಬಾನೆಟ್ಟಿನ ಮೇಲೆ ಇಡಿಸುತ್ತಿದ್ದ. ಮಲಗಿದ ಬೆಕ್ಕಿನ ಬೆನ್ನು ಮುಟ್ಟಿದ ಹಾಗೆ ಸಣ್ಣಗೆ ಬಿಸಿ, ಸಣ್ಣಗೆ ನಡುಕ. ಅಪ್ಪ ತೀರಿಕೊಂಡ ಮೇಲೆ ಆ ಕಾರು ಈ ಮನೆಗೆ ಬಂತು.

ಡೀಸೆಲಣ್ಣ ಅದನ್ನು ಮನೆಗೆ ಬಂದ ದೂರದ ನೆಂಟನ ಹಾಗೆ ಮರ್ಯಾದೆಯಿಂದಲೇ ನೋಡಿಕೊಂಡ. ಆದರೆ ಪೆಟ್ರೋಲ್ ಇಂಜಿನ್ನಿನ ಮೇಲೆ ಅವನಿಗೆ ಎಂದೂ ನಂಬಿಕೆ ಹುಟ್ಟಲಿಲ್ಲ. "ನಿಮ್ಮಪ್ಪನ ಕಾರು ಮಾತೇ ಆಡಲ್ವಲ್ಲೇ. ಅದಕ್ಕೇನು ನೋವು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎನ್ನುತ್ತಿದ್ದ. ಒಂದು ಬೇಸಿಗೆಯಲ್ಲಿ ಅದು ಮಾತಾಡದೆಯೇ ಕಾದು, ಇಂಜಿನ್ನಿನ ಮೈ ಬಿರುಕು ಬಿಟ್ಟಿತು. ಅಂಥ ಇಂಜಿನ್ನು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ಬೇರೆ ಸಿಗುವ ಹಾಗಿರಲಿಲ್ಲ.

"ಶೆಡ್ಡಲ್ಲಿ ಹಂಗೇ ಇರ್ಲಿ, ಮುಟ್ಬೇಡಿ" ಎಂದಳು ಹೆಂಡತಿ.

"ಓಡದ ಗಾಡಿ ಇಟ್ಕೊಳ್ಳೋದೂ ಒಂದೇ, ಮನೇಲಿ ಹೆಣ ಇಟ್ಕೊಳ್ಳೋದೂ ಒಂದೇ."

"ಇಟ್ಕೋತೀನಿ. ನಮ್ಮಪ್ಪಂದು. ನೀವು ಆ ಇಂಜಿನ್ ತೆಗೆದ್ರೆ ನಾನು ಆ ಕಾರಲ್ಲಿ ಕೂರಲ್ಲ, ಈಗ್ಲೇ ಹೇಳಿದೀನಿ."

ಹೆಂಗಸರ ಮಾತು, ಕೋಪದಲ್ಲಿ ಬಂದದ್ದು, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡ ಡೀಸೆಲಣ್ಣ. ಬಸ್ಸಿನ ಯಾವ ಭಾಗದಲ್ಲಿ ಯಾವ ಸದ್ದು ಬಂದರೆ ಏನು ಅರ್ಥ ಎಂದು ತಿಳಿದಿದ್ದವನಿಗೆ ಹೆಂಡತಿಯ ದನಿಯ ಅರ್ಥ ಮಾತ್ರ ಆ ದಿನ ತಿಳಿಯಲಿಲ್ಲ. ಆಕೆ ಶಾಲೆಗೆ ಹೋಗುವ ಮಗಳನ್ನು ಕರೆದುಕೊಂಡು ತಂಗಿಯ ಹೆರಿಗೆಗೆಂದು ಹೋದದ್ದೇ ತಡ, ಅವನು ಗುಜರಿ ಅಂಗಡಿಗೆ ಹೋದ. ಅಲ್ಲಿ ಬ್ರೆಡ್ಡು ಹಂಚುವ ವ್ಯಾನೊಂದು ಮೂತಿ ಜಜ್ಜಿಕೊಂಡು ಬಿದ್ದಿತ್ತು. ಅದರ ಡೀಸೆಲ್ ಇಂಜಿನ್ನು ಮಾತ್ರ ಗಟ್ಟಿಮುಟ್ಟಾಗಿತ್ತು.

ಅವನೂ ವೆಲ್ಡರನೂ ಸರಪಳಿ ಹಾಕಿ ಹಳೆಯದನ್ನು ಎತ್ತಿದರು, ಹೊಸದನ್ನು ಇಳಿಸಿದರು. ಹೇಳಿದಷ್ಟು ಸುಲಭವೇನೂ ಆಗಿರಲಿಲ್ಲ. ಡೀಸೆಲ್ಲಿನ ಭಾರಕ್ಕೆ ಕಾರಿನ ಮುಂದಿನ ಸ್ಪ್ರಿಂಗುಗಳು ಕುಸಿದವು, ಅವಕ್ಕೆ ಉಕ್ಕಿನ ಪಟ್ಟಿ ಹೆಚ್ಚಿಸಿದರು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ತೂತಿಗೆ ತೂತು ಕೂಡಲಿಲ್ಲ, ನಡುವೆ ದಪ್ಪ ಕಬ್ಬಿಣದ ಬಿಲ್ಲೆಯೊಂದನ್ನು ಕೊರೆದು ಕೂರಿಸಿದರು. ಕೊನೆಗೆ ಬಾನೆಟ್ಟೇ ಮುಚ್ಚಲಿಲ್ಲ. ಅದನ್ನು ಚೌಕವಾಗಿ ಕತ್ತರಿಸಿ ಮೇಲೊಂದು ತಗಡಿನ ಗೂನು ಬೆಸೆದರು. ಮೊದಲ ಸಲ ಇಂಜಿನ್ನು ಶುರುವಾದಾಗ ಶೆಡ್ಡಿನ ಮಾಡು ಗಡಗಡ ನಡುಗಿತು. ಇಬ್ಬರೂ ಮಸಿ ಮೆತ್ತಿದ ಮುಖದಲ್ಲೇ ಹಲ್ಲು ಕಿರಿದರು. ಹಳೆಯ ಇಂಜಿನ್ನು ಗುಜರಿಯವನ ಪಾಲಾಯಿತು.

ಹೆಂಡತಿ ಊರಿಂದ ಬರುವ ದಿನ ಡೀಸೆಲಣ್ಣ ಸೀಟುಗಳಿಗೆ ಹೊಸ ರೆಕ್ಸಿನ್ ಹೊದಿಸಿ, ಕಾರು ತೊಳೆದು, ತಲೆ ಬಾಚಿಕೊಂಡು ಬಸ್ ನಿಲ್ದಾಣಕ್ಕೆ ಹೋದ. ಸದ್ದು ಕೇಳಿ ಆಕೆ ಲಾರಿಯೇನೋ ಎಂದು ತಿರುಗಿದಳು. ಬಾನೆಟ್ಟಿನ ಗೂನು ನೋಡಿದಳು. ಮಗಳನ್ನು ಹಿಂದಿನ ಸೀಟಿಗೆ ಹತ್ತಿಸಿ, ತಾನು ಬ್ಯಾಗು ಹಿಡಿದು ನಡೆಯತೊಡಗಿದಳು.

ಅವನು ಅವಳ ಪಕ್ಕದಲ್ಲೇ, ಅವಳ ನಡಿಗೆಯ ವೇಗಕ್ಕೇ ಕಾರು ಬಿಟ್ಟುಕೊಂಡು ಬಂದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಅಂಗಲಾಚಿದ. "ಒಂದ್ಸಲ ಕೂತ್ಕೋ ಮಾರಾಯ್ತಿ. ಜನ ನೋಡ್ತಿದಾರೆ. ನಿಂಗೊಂದು ತೋರಿಸೋದಿದೆ, ಕೂತ್ಕೊಂಡ್ರೇನೇ ಗೊತ್ತಾಗೋದು."

"ಮೊದ್ಲು ಅದನ್ನ ನಿಲ್ಸಿ."

"ಕೂತ್ಕೋ ಅಂದ್ರೆ. ಅದನ್ನೇ ತೋರಿಸ್ತೀನಿ ಅಂತಿರೋದು."

ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ನಿಲ್ದಾಣದಿಂದ ಮನೆಯವರೆಗೂ ಆಕೆ ನಡೆದೇ ಬಂದಳು.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಇಬ್ಬರೂ ಮಾತು ಬಿಟ್ಟಿದ್ದರು ಅಂತಲ್ಲ. ಉಣ್ಣುವಾಗ ಹರಟುತ್ತಿದ್ದರು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ನಿದ್ದೆಗೆಡುತ್ತಿದ್ದರು. ಕಾರಿನ ವಿಷಯ ಬಂದಾಗ ಮಾತ್ರ ಇಬ್ಬರ ಬಾಯಿಗೂ ಬೀಗ. ಒಂದೇ ಮದುವೆಗೆ ಅವನು ಕಾರಿನಲ್ಲಿ, ಆಕೆ ಬಸ್ಸಿನಲ್ಲಿ ಹೋಗುವರು; ಮೊದಲು ಮುಟ್ಟಿದವರು ಗೇಟಿನಲ್ಲಿ ಕಾದು ನಿಂತು ಜೊತೆಯಾಗಿಯೇ ಒಳಗೆ ಹೋಗುವರು. ಮಂಡಿ ನೋವು ಶುರುವಾದ ಮೇಲೆ ಆಕೆ ಆಸ್ಪತ್ರೆಗೆ ಆಟೋದಲ್ಲಿ ಹೋದರೆ, ಹಿಂದೆಯೇ ಗಡಗಡ ಎಂದು ಕಾರು ಬರುತ್ತಿತ್ತು. ತೋರಿಸುವುದು ಏನಿತ್ತು ಎಂದು ಆಕೆ ಕೇಳಲಿಲ್ಲ. ಕೇಳದೆ ಹೇಳುವುದಿಲ್ಲ ಎಂದು ಅವನೂ ಬಿಗಿದುಕೊಂಡ.

ಒಂದು ಮಾತ್ರ ಆಕೆಗೆ ತಲೆ ಚಿಟ್ಟು ಹಿಡಿಸುತ್ತಿತ್ತು. ದಿನಾ ಸಂಜೆ ಕಾರು ಹಿತ್ತಲಿಗೆ ಬಂದು ನಿಂತ ಮೇಲೂ ಇಂಜಿನ್ನು ಕೂಡಲೇ ಆರುತ್ತಿರಲಿಲ್ಲ. ಒಳಗಿನಿಂದ "ಹಾ... ಉಸ್ಸಪ್ಪಾ" ಎಂದು ಅವನು ನರಳುವುದು ಕೇಳುತ್ತಿತ್ತು, ಆಮೇಲೆ ಇಂಜಿನ್ನು ನಿಲ್ಲುತ್ತಿತ್ತು. ನನ್ನ ಹೊಟ್ಟೆ ಉರಿಸಲೆಂದೇ ಓಡಿಸಿಕೊಂಡು ಕೂತಿರುತ್ತಾರೆ ಎಂದುಕೊಂಡು ಆಕೆ ಅಡುಗೆಮನೆಯ ಕಿಟಕಿ ಮುಚ್ಚುತ್ತಿದ್ದಳು.

*

ದೊಡ್ಡ ರಸ್ತೆಯಿಂದ ವ್ಯಾನಿನ ಹಾರನ್ನು ಕೇಳಿಸಿತು. ಡ್ರೈವರನಿಗೆ ಇದಾದ ಮೇಲೆ ಇನ್ನೊಂದು ಮನೆಗೆ ಹೋಗುವುದಿತ್ತಂತೆ.

ಮಗಳು ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದಳು. ಬೆಳಗಿನಿಂದ ಬಂದವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಫೋನು ಮಾಡಿ ಮಾಡಿ ಅಳುವುದಕ್ಕೂ ಅವಳಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

"ನಂಗೆ ಸಾಕಾಗಿದೆ ಅಮ್ಮ. ಚಿಕ್ಕವಳಿದ್ದಾಗಿಂದ ಇದೇ ಆಯ್ತು. ಹೋಗೋವಾಗ ಅಪ್ಪನ ಜೊತೆ ಕಾರಲ್ಲಿ, ಬರೋವಾಗ ನಿನ್ನ ಜೊತೆ ಬಸ್ಸಲ್ಲಿ. ಯಾರಿಗೂ ಬೇಜಾರಾಗ್ಬಾರ್ದು ಅಂತ. ಇವತ್ತೂ ಅಪ್ಪನ ಜೊತೆ ಹೋಗ್ಲೋ ನಿನ್ನ ಜೊತೆ ಕೂತ್ಕೊಳ್ಲೋ ನೀನೇ ಹೇಳು."

ಆಕೆ ಹಲಗೆಯ ಕಡೆಗೇ ನೋಡಿದಳು.

"ಅಪ್ಪ ನನ್ನನ್ನ ಮುಂದಿನ ಸೀಟಲ್ಲಿ ಒಂದಿನಾನೂ ಕೂರಿಸ್ಲಿಲ್ಲ, ಗೊತ್ತಾ? ಎಷ್ಟು ಅತ್ತಿದೀನಿ ಅದಕ್ಕೆ. ಅದು ನಿಮ್ಮಮ್ಮಂದು, ಹಿಂದೆ ಕೂತ್ಕೋ ಅನ್ನೋರು. ತರಕಾರಿ ಚೀಲಾನೂ ಅಲ್ಲಿ ಇಡೋಕೆ ಬಿಡ್ತಿರ್ಲಿಲ್ಲ."

ಹಾರನ್ನು ಮತ್ತೆ ಕೇಳಿಸಿತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಕೋಲಿಗೆ ಕೈ ಚಾಚಿದಳು.

"ಎಬ್ಬಿಸು ನನ್ನ. ನೀನು ಅಪ್ಪನ ಜೊತೆ ಹೋಗು." ಎದ್ದು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿದಳು. "ಕೂರ್ತೀನಿ, ಅಷ್ಟೇ. ಕೂತೆ ಅಂದ ಮಾತ್ರಕ್ಕೆ ಇಂಜಿನ್ ತೆಗೆದಿದ್ದು ಸರಿ ಅಂತಲ್ಲ."

"ಆಯ್ತಮ್ಮ" ಎಂದಳು ಮಗಳು. ಅವಳ ದನಿಯಲ್ಲಿ ನಗುವಷ್ಟು ಶಕ್ತಿ ಉಳಿದಿರಲಿಲ್ಲ.

ಹಿತ್ತಲಲ್ಲಿ ಅಳಿಯ ಆಗಲೇ ಸ್ಟೀರಿಂಗಿನ ಹಿಂದೆ ಕೂತು ಬೆವರುತ್ತಿದ್ದ. ಅವನು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಮಾಡುವ ಸಾಧು ಮನುಷ್ಯ, ಈ ಕಾರನ್ನು ಯಾವತ್ತೂ ಮುಟ್ಟಿದವನಲ್ಲ. ವೆಲ್ಡರ್ ಕಿಟಕಿಯಲ್ಲಿ ಬಗ್ಗಿ ನಿಂತಿದ್ದ.

"ಅವಸರ ಮಾಡ್ಬೇಡಿ ಅಳಿಯಂದ್ರೇ. ಕೀ ಅರ್ಧ ತಿರುಗಿಸಿ. ಆ ಕೆಂಪು ದೀಪ ಇದೆಯಲ್ಲ, ಅದು ಆರೋವರೆಗೂ ತಾಳಿ. ಇಂಜಿನ್ ಒಳಗೆ ಬಿಸಿ ಆಗ್ಬೇಕು. ಆಮೇಲೆ ಪೂರ್ತಿ ತಿರುಗಿಸಿ."

"ಮಾವ ಹೀಗೇ ಮಾಡ್ತಿದ್ರಾ?"

"ದಿನಾ ಹೀಗೇ. ಗೇರು ಸ್ವಲ್ಪ ಬಿಗಿ, ಮೆತ್ತಗೆ ಹಾಕಿ. ಬ್ರೇಕು ಮೊದ್ಲೇ ತುಳೀರಿ, ಭಾರದ ಇಂಜಿನ್ನು, ಬೇಗ ನಿಲ್ಲಲ್ಲ. ಮತ್ತೆ ಇನ್ನೊಂದು..." ಹಾರನ್ನು ಮೂರನೇ ಸಲ ಬಡಿದುಕೊಂಡಿತು. "ಬಂದೆ ಇರಯ್ಯಾ" ಎಂದು ಗೊಣಗುತ್ತ ವೆಲ್ಡರ್, ಆಗಲೇ ಹೊರಟಿದ್ದ ಮಗಳ ಹಿಂದೆ, ಹಲಗೆಯ ಕಡೆಗೆ ಓಡಿದ. ಹೇಳಬೇಕಾದ ಇನ್ನೊಂದು ಅವನ ಬಾಯಲ್ಲೇ ಉಳಿಯಿತು.

ಟೈಲರಮ್ಮ ಆಕೆಯನ್ನು ಮುಂದಿನ ಸೀಟಿಗೆ ಹತ್ತಿಸಿದಳು. ಹಿಂದಿನ ಸೀಟಿಗೆ ಹೋಗಲು ಮಂಡಿ ಮಡಚುತ್ತಿರಲಿಲ್ಲ. ಕೂತ ಕೂಡಲೇ ಆಕೆಗೆ ಸೀಟಿನ ಹೊಸತನ ಗೊತ್ತಾಯಿತು. ಮುಚ್ಚಿಟ್ಟ ಪೆಟ್ಟಿಗೆಯಿಂದ ಈಗಷ್ಟೇ ತೆಗೆದ ಬಟ್ಟೆಯ ಹಾಗೆ ಒಂದು ಸುಕ್ಕೂ ಇಲ್ಲ. ಡ್ರೈವರಿನ ಕಡೆಯ ಅಂಚಿನಲ್ಲಿ ಒಂದೇ ಒಂದು ಜಾಗ, ಅಂಗೈಯಷ್ಟು, ರೆಕ್ಸಿನ್ ಸವೆದು ದಾರ ಎದ್ದಿತ್ತು. ಅಲ್ಲಿಗೊಂದು ತೇಪೆ ಹಾಕಿ, ಆ ತೇಪೆಯೂ ಸವೆದಿತ್ತು. ಯಾರೂ ಕೂರದ ಸೀಟು ಅಲ್ಲೊಂದು ಕಡೆ ಹೇಗೆ ಸವೆಯಿತು ಎಂದು ಆಕೆಗೆ ಅರ್ಥವಾಗಲಿಲ್ಲ. ಆಕೆಯ ಎದುರಿಗೆ, ಡ್ಯಾಶ್‌ಬೋರ್ಡಿನ ಕೆಳಗೆ, ಹಳೆಯ ಬಸ್ಸಿನದಿರಬೇಕು, ಕರಿಯ ಗುಂಡು ಹಿಡಿಯೊಂದು ಇತ್ತು. ಸಾವಿರ ಸಲ ಮುಟ್ಟಿದ ಹೊಳಪು ಅದಕ್ಕಿತ್ತು.

ದೀಪ ಆರಿತು. ಅಳಿಯ ಕೀ ತಿರುಗಿಸಿದ. ಕಾರು ಮೈ ಕೊಡವಿಕೊಂಡು ಎದ್ದಿತು. ಹಿತ್ತಲ ತಂತಿಯ ಮೇಲಿದ್ದ ಡೀಸೆಲಣ್ಣನ ಅಂಗಿ ಹೊಗೆಯಲ್ಲಿ ಒಮ್ಮೆ ಅಲುಗಿತು.

ದಾರಿಯುದ್ದಕ್ಕೂ ಕಿಟಕಿಯ ಗಾಜು ಗಲಗಲ ಎಂದಿತು, ಕನ್ನಡಕ ಮೂಗಿನ ಮೇಲೆ ಕುಣಿಯಿತು, ಪಾದದಿಂದ ಹೊರಟ ನಡುಕ ಮಂಡಿಯ ನೋವಿನೊಳಗೆ ಹೊಕ್ಕಿತು. ಅಳಿಯ ಏನೋ ಕೇಳಿದ.

"ಏನು?" ಎಂದು ಆಕೆ ಕೂಗಿದಳು.

"ಏನಿಲ್ಲ ಅತ್ತೆ" ಎಂದು ಅವನೂ ಕೂಗಿದ.

ಈ ಸದ್ದಿನಲ್ಲಿ ತನ್ನ ದನಿ ತನಗೇ ಕೇಳುವುದಿಲ್ಲ ಎಂದು ಆಕೆಗೆ ತಿಳಿದದ್ದು ಆಗ. ಬೆಳಗಿನಿಂದ ಜನರೆದುರು ಬಿಗಿಹಿಡಿದದ್ದೆಲ್ಲ ಒಡೆದು ಬಂತು. ಬಾಯಿ ಬಿಟ್ಟು, ಗಂಟಲು ಹರಿಯುವ ಹಾಗೆ ಅತ್ತಳು. ಹಟಮಾರಿ, ಒಂದ್ಸಲ ಹೇಳಿದ್ರೆ ಏನಾಗ್ತಿತ್ತು, ನಾನು ಕೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು ಎಂದು ಬೈದಳು. ಅಳಿಯನಿಗೆ ಕೇಳಿಸಿತೋ ಇಲ್ಲವೋ, ಅವನು ರಸ್ತೆಯಿಂದ ಕಣ್ಣು ತೆಗೆಯದೆ ಆಕ್ಸಿಲರೇಟರನ್ನು ಇನ್ನಷ್ಟು ತುಳಿದ.

*

ಸ್ಮಶಾನದಲ್ಲಿ ಗುಂಡಿ ಸಿದ್ಧವಾಗಿತ್ತು. ವ್ಯಾನು ಮೊದಲೇ ಬಂದು ಹೆಣವನ್ನು ಇಳಿಸಿ ಹೋಗಿಯಾಗಿತ್ತು. ಡಿಪೋದವರು ಗುಂಡಿಯ ಸುತ್ತ ತಲೆ ತಗ್ಗಿಸಿ ನಿಂತಿದ್ದರು. ಮಗಳು ಗೇಟಿನ ಕಡೆಗೇ ನೋಡುತ್ತಿದ್ದಳು. ಅಳಿಯ ಕಾರನ್ನು ಮರದ ಕೆಳಗೆ ತಂದು ನಿಲ್ಲಿಸಿ, ಉಸ್ಸೆಂದು ಉಸಿರು ಬಿಟ್ಟು ಕೀ ತಿರುಗಿಸಿದ.

ಇಂಜಿನ್ನು ನಿಲ್ಲಲಿಲ್ಲ.

ಮತ್ತೆ ತಿರುಗಿಸಿದ. ಕೀಯನ್ನು ಹೊರಗೇ ಎಳೆದ. ಕೀ ಅವನ ಕೈಯಲ್ಲಿತ್ತು, ಇಂಜಿನ್ನು ತನ್ನ ಪಾಡಿಗೆ ಗಡಗಡ ಎನ್ನುತ್ತಲೇ ಇತ್ತು. ಗುಂಡಿಯ ಸುತ್ತ ನಿಂತವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು.

"ಅತ್ತೆ, ಇದು..." ಎಂದು ಅಳಿಯ ಕೀಯನ್ನು ಆಕೆಗೆ ತೋರಿಸಿದ.

ಅಷ್ಟರಲ್ಲಿ ವೆಲ್ಡರ್ ಹಣೆ ಚಚ್ಚಿಕೊಳ್ಳುತ್ತ ಓಡಿಬಂದ. "ಹೇಳೋದೇ ಮರೆತೆ. ಡೀಸೆಲ್ಲು ಕೀ ತೆಗೆದ್ರೆ ನಿಲ್ಲಲ್ಲ ಅಳಿಯಂದ್ರೇ, ಹೊಟ್ಟೆಗೆ ಡೀಸೆಲ್ ಹೋಗೋದನ್ನ ತಡೀಬೇಕು. ಆ ಕರಿ ಹಿಡಿ ಎಳೀಬೇಕು." ಅವನು ಡ್ರೈವರಿನ ಕಿಟಕಿಯಿಂದ ತಲೆ ಹಾಕಿ, ಅಳಿಯನ ಮೈಮೇಲೆ ಹಾದು, ಪಕ್ಕದ ಸೀಟಿನ ಅಂಚಿಗೆ ಮೊಣಕೈ ಊರಿ ಕೈ ಚಾಚಿದ. ಮೊಣಕೈ ಸರಿಯಾಗಿ ಆ ಸವೆದ ತೇಪೆಯ ಮೇಲೆ ಕೂತಿತು.

ಆಕೆ ಆ ಮೊಣಕೈಯನ್ನೇ ನೋಡಿದಳು. ಸಂಜೆಯ ಆ ನರಳಾಟ, ಆಮೇಲೆ ನಿಲ್ಲುತ್ತಿದ್ದ ಸದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ದಿನಾ ಹೀಗೆ ಬಗ್ಗಿ ಕೈ ಚಾಚುತ್ತಿದ್ದರು, ಸೊಂಟ ನೋಯುತ್ತಿದ್ದ ಮನುಷ್ಯ.

ವೆಲ್ಡರನ ಕೈ ಹಿಡಿಯ ಹತ್ತಿರ ಹೋಗಿ ನಿಂತಿತು. ಅವನು ನಿಧಾನಕ್ಕೆ ಹಿಂದೆ ಸರಿದ.

"ನೀವೇ ಎಳೀರಿ ಅತ್ತಿಗೆ. ನಿಮಗೋಸ್ಕರ ಇಟ್ಟಿದ್ದು ಅದು."

"ನನಗೋಸ್ಕರಾನಾ?"

"ಹಿಡಿಯಿಂದ ಇಂಜಿನ್ನಿಗೆ ಹೋಗೋ ವಯರು ಸಾಲ್ಲಿಲ್ಲ, ಅದಕ್ಕೇ ಆ ಕಡೆ ಹೋಯ್ತು ಅಂತ ಅಣ್ಣ ಎಲ್ರಿಗೂ ಹೇಳ್ತಿದ್ದ. ಸುಳ್ಳು. ವಯರು ನನ್ನ ಶೆಡ್ಡಲ್ಲಿ ಸುರುಳಿಗಟ್ಟಲೆ ಬಿದ್ದಿತ್ತು. ಈ ಸದ್ದು ಕೇಳಿದ ಕೂಡ್ಲೇ ಅವಳು ನಿಲ್ಸಿ, ನಿಲ್ಸಿ ಅಂತಾಳೆ, ನಿಲ್ಸೋದನ್ನ ಅವಳ ಕೈಗೇ ಕೊಟ್ಬಿಡೋಣ, ಪಕ್ಕದಲ್ಲಿ ಕೂತು ಬೇಕಾದಾಗ ಎಳೀಲಿ ಅಂದ. ನಿಮ್ಮನ್ನ ಕರ್ಕೊಂಡು ಬರೋಕೆ ಹೋಗೋ ಹಿಂದಿನ ದಿನ ಕೂರಿಸಿದ್ವಿ. ಆಮೇಲೆ ಈ ಕಡೆ ಬದಲಾಯಿಸು ಮಾರಾಯ, ಸೊಂಟ ಮುರ್ಕೋತೀಯ ಅಂತ ಎಷ್ಟು ಸಲ ಹೇಳಿದೆ. ಇರ್ಲಿ ಬಿಡು, ಇವತ್ತಲ್ಲ ನಾಳೆ ಕೂರ್ತಾಳೆ ಅಂತಿದ್ದ."

ಆಕೆ ಕೈ ಚಾಚಿ ಹಿಡಿಯನ್ನು ಹಿಡಿದಳು. ತಣ್ಣಗಿರುತ್ತದೆ ಎಂದುಕೊಂಡಿದ್ದಳು, ಅದು ಬೆಚ್ಚಗೆ ನಡುಗುತ್ತಿತ್ತು. ಎಳೆದಳು. ಇಂಜಿನ್ನು ಕೆಮ್ಮಿತು, ಇಡೀ ಕಾರನ್ನು ಒಮ್ಮೆ ಎತ್ತಿ ಹಾಕಿದಂತಾಯಿತು. ಆಕೆ ಹೆದರಿ ಕೈ ಬಿಟ್ಟಳು. ಆರಲು ಹೋಗಿದ್ದ ಇಂಜಿನ್ನು ಮತ್ತೆ ಉಸಿರು ಹಿಡಿದು ಓಡತೊಡಗಿತು.

"ಬಿಡ್ಬಾರ್ದು ಅತ್ತಿಗೆ" ಎಂದ ವೆಲ್ಡರ್. "ಮಧ್ಯ ಕೈ ಬಿಟ್ರೆ ಅದು ನಿಲ್ಲಲ್ಲ. ಪೂರ್ತಿ ಆರೋವರೆಗೂ ಹಿಡ್ಕೊಂಡೇ ಇರ್ಬೇಕು."

ಆಕೆ ಕೋಲನ್ನು ಅಳಿಯನ ಕೈಗೆ ಕೊಟ್ಟಳು. ಎರಡೂ ಕೈಯಲ್ಲಿ ಹಿಡಿಯನ್ನು ಹಿಡಿದು ಎಳೆದಳು. ಕಾರು ಒದ್ದಾಡಿತು, ಗಾಜು ಗಲಗಲ ಎಂದಿತು, ನಡುಕ ಅವಳ ಮೊಣಕೈವರೆಗೂ ಏರಿತು. ಆಕೆ ಬಿಡಲಿಲ್ಲ. ಬಡಿತ ನಿಧಾನವಾಯಿತು, ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು, ಕೊನೆಯದೊಂದು ಬಂದು ಹೋಯಿತು. ಮರದ ಮೇಲಿನ ಹಕ್ಕಿಗಳ ಸದ್ದು ಕಿವಿಗೆ ಬಿತ್ತು. ಗುಂಡಿಯ ಹತ್ತಿರ ಯಾರೋ ಮೂಗು ಸೀಟಿದರು.

ಮಗಳು ಬಂದು ಬಾಗಿಲು ತೆರೆದಳು. "ಬಾಮ್ಮ. ಎಲ್ರೂ ಕಾಯ್ತಿದಾರೆ."

"ಒಂದ್ನಿಮಿಷ ಇರೇ" ಎಂದಳು ಆಕೆ. ಹಿಡಿ ಇನ್ನೂ ಅವಳ ಎರಡು ಕೈಗಳಲ್ಲಿತ್ತು, ಪೂರ್ತಿ ಹೊರಗೆ ಎಳೆದುಕೊಂಡ ಹಾಗೆಯೇ.